ಮಕ್ಕಳ ಬರಹದ ಗೋಡೆಗೆ ಸುಣ್ಣ

ನಮ್ಮ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೆ ಸುಣ್ಣದ ಹುಚ್ಚು. ತೋಟದ ದೊರೆ ಬರುತ್ತಾರೆಂದರೆ ಸುಣ್ಣ, ದೊರೆಸಾನಿ ಬರುತ್ತಾರೆಂದರೆ ಇನ್ನೊಂದು ಕೋಟು ಸುಣ್ಣ. ಕೂಲಿಯವರಿರುವ ಲೈನುಮನೆಗಳ ಗೋಡೆಗೆ, ದಾರಿಬದಿಯ ಕಲ್ಲಿಗೆ, ಮರದ ಬುಡಕ್ಕೆ, ಕೊನೆಗೆ ಕೋಳಿಗೂಡಿಗೂ. ಅಲ್ಲಾಡದೆ ನಿಂತಿದ್ದರೆ ನಮಗೂ ಬಳಿದುಬಿಡುತ್ತಿದ್ದರೋ ಏನೋ, ಪುಣ್ಯಾತ್ಮರು! ಹಾಜರಿ ಹಾಕುವುದು, ಲೈನಿನವರ ಕಾಗದ ಓದಿ ಹೇಳುವುದು, ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು, ಎಲ್ಲಕ್ಕೂ ಅವರೇ.

ಕೊಡಗು ಆಗ ತನ್ನದೇ ಒಂದು ರಾಜ್ಯ. ಅಕ್ಷರ ಪ್ರಚಾರ ಮಾಡಿ, ಸಾಹೇಬರು ನೋಡಲು ಬರುತ್ತಾರೆ ಎಂದು ಮಡಿಕೇರಿಯಿಂದ ಅಪ್ಪಣೆ ಬಂತು. ಸಿದ್ದಾಪುರದ ಹತ್ತಿರದ ನಮ್ಮ ಎಸ್ಟೇಟಿನಲ್ಲೂ ಒಂದು ಸಮಿತಿ ಹುಟ್ಟಿತು. ಅಧ್ಯಕ್ಷರು ರೈಟರೇ. ಸಮಿತಿ ಟೀ ಕುಡಿದು, ಬೋಂಡ ತಿಂದು ಎದ್ದಿತು. ಕೆಲಸಕ್ಕೆ ಸಿಕ್ಕಿದವರು ಎಸ್ಟೇಟ್ ಸ್ಕೂಲಿನ ಮೇಷ್ಟ್ರು. ಅವರು ಮಕ್ಕಳಾದ ನಮಗೆ ಕಾಫಿ ಕಣದ ಪಕ್ಕದ ಗೋದಾಮಿನ ಗೋಡೆ ತೋರಿಸಿ, "ಇದು ನಿಮ್ಮದು. ನಿಮ್ಮನೆ ಸುದ್ದಿ ಏನಿದ್ರೂ ಬರೀರಿ, ಚಿತ್ರ ಬಿಡ್ಸಿ" ಅಂದರು.

ಒಲೆಯ ಇದ್ದಿಲು, ಕೆಮ್ಮಣ್ಣು, ಸೊಪ್ಪಿನ ರಸ ಹಿಡಿದು ಗೋಡೆಗೆ ಮುತ್ತಿಕೊಂಡೆವು. ಮನೆಯಲ್ಲಿ ತಮಿಳು ಆಡುವವರು, ಮಲಯಾಳ ಆಡುವವರು, ಎಲ್ಲರ ಸೊಟ್ಟ ಕನ್ನಡವೂ ಅಲ್ಲಿ ಸಾಲಾಗಿ ನಿಂತಿತು. ನಾನು ಬರೆದದ್ದು ಒಂದೇ ಸಾಲು: "ನಮ್ಮ ಲೈನಿನಲ್ಲಿ ಮಳೆ ಹೊರಗಿಗಿಂತ ಒಳಗೇ ಜಾಸ್ತಿ." ಕೆಳಗೆ, ಸೋರುವ ಕಡೆಯೆಲ್ಲ ಇಟ್ಟ ಪಾತ್ರೆಗಳ ಚಿತ್ರ.

ಅಪ್ಪ ಹಾಸನದ ಕಡೆಯಿಂದ ಕೂಲಿಗೆ ಬಂದವರು, ಅಕ್ಷರ ಅರಿಯದವರು. ಹೆಣ್ಣು ಓದಿ ಏನು ಗುಡ್ಡೆ ಹಾಕಬೇಕು ಎನ್ನುವುದು ಅವರ ವಾದ. ಕಾಫಿ ಹಣ್ಣು ಕೀಳುವ ಪಿಕ್ಕಿಂಗ್ ಬೇರೆ ಶುರುವಾಗುವುದರಲ್ಲಿತ್ತು. ನಾನು ಅತ್ತೂ ಕರೆದೂ ಮಾಡಿದ ಮೇಲೆ ಒಂದು ಮಾತು ಕೊಟ್ಟರು.

"ಮಡಿಕೇರಿ ಸಾಹೇಬ್ರು ಬರೋ ದಿನ ಎಲ್ರ ಮುಂದೆ ನಿನ್ ಬರವಣಿಗೆ ತೋರ್ಸಮ್ಮಿ. ಗೋಡೆ ಮ್ಯಾಲಿದ್ರೆ ಸ್ಕೂಲು. ಇಲ್ದಿದ್ರೆ ಸೊಂಟಕ್ಕೆ ಚೀಲ ಕಟ್ಕಂಡು ಪಿಕ್ಕಿಂಗಿಗೆ ನಡಿ."

ಸಾಹೇಬರು ಬರುವ ದಿನ ಬೆಳಿಗ್ಗೆ ಓಡಿಹೋಗಿ ನೋಡಿದರೆ ಗೋಡೆ ಬೆಳ್ಳಗೆ ಹಲ್ಲು ಕಿರಿಯುತ್ತಿತ್ತು. ರೈಟರು ಸುಣ್ಣ ಹೊಡೆಸಿಬಿಟ್ಟಿದ್ದರು! ಮೇಲ್ಗಡೆ, ಗೋಣಿಕೊಪ್ಪಲಿನ ಪೇಂಟರನ್ನು ಕರೆಸಿ ಕೆಂಪಕ್ಷರದಲ್ಲಿ ದಪ್ಪಗೆ ಬರೆಸಿದ್ದರು: ಮಕ್ಕಳ ಬರಹದ ಗೋಡೆ. ಅದರ ಕೆಳಗೆ ಏನೂ ಇಲ್ಲ.

"ಥೂ, ಏನ್ ಗಲೀಜು ಮಾಡಿಟ್ಟಿದ್ರಿ! ದೊಡ್ಡೋರು ಬರೋ ಜಾಗ ಇದು. ಇನ್ನು ಯಾರಾದ್ರೂ ಕೈ ಇಟ್ಟೀರಿ, ಜೋಕೆ" ಅಂದರು ರೈಟರು. ಮೇಷ್ಟ್ರು ನೆಲ ನೋಡಿದರು. ಅವರ ಕೆಲಸವೂ ರೈಟರ ಕೈಯಲ್ಲೇ ಇತ್ತಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಸಾಹೇಬರು ಬಂದರು. ಉತ್ತರದ ಕಡೆಯವರು, ಕನ್ನಡ ಬಾರದು. ಹಾರ ಬಿತ್ತು, ಆ ಗೋಡೆಯ ಮುಂದೆಯೇ ಭಾಷಣ ಶುರುವಾಯಿತು. ರೈಟರು ಕಣ್ಣು ಮುಚ್ಚಿ ಅಕ್ಷರದ ಮಹಿಮೆ ಹೇಳುತ್ತಿದ್ದಾಗ ನಾನು ಎದ್ದು ಹೋಗಿ, ಇದ್ದಿಲಿನಿಂದ ಅದೇ ಸಾಲನ್ನು ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಬರೆದೆ. ಕಣ್ಣು ಬಿಟ್ಟ ರೈಟರ ಮುಖ ಇಂಗು ತಿಂದ ಮಂಗನ ಹಾಗಾಯಿತು.

ಏನು ಬರೆದಿದ್ದಾಳೆ ಎಂದು ಸಾಹೇಬರು ಇಂಗ್ಲಿಷಿನಲ್ಲಿ ಕೇಳಿದರು.

"ವೆಲ್‌ಕಮ್ ಸಾರ್, ವೆಲ್‌ಕಮ್" ಅಂದ ರೈಟರು ನಮ್ಮವರತ್ತ ತಿರುಗಿ, "ಸುಸ್ವಾಗತ ಅಂತ ಬರ್ದಿದ್ದಾಳೆ. ಚಪ್ಪಾಳೆ ಹೊಡೀರಿ!" ಎಂದು ಕೂಗಿದರು.

ಸಾಹೇಬರು ತಟ್ಟಿದರು, ಎಸ್ಟೇಟೆಲ್ಲ ತಟ್ಟಿತು. ಅಪ್ಪನದೇ ಎಲ್ಲರಿಗಿಂತ ಜೋರು. ಓದು ಬಂದ ಮಕ್ಕಳು ಮಾತ್ರ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕಿಸಕ್ಕೆಂದವು.

ಮನೆಗೆ ಬರುತ್ತಲೇ ಅಪ್ಪ ಕೇಳಿದರು, "ಸುಸ್ವಾಗತ ಅನ್ನೋದು ಅಷ್ಟುದ್ದ ಐತಾ ಅಮ್ಮಿ?"

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೈಗುಳ ಕಾದಿದ್ದೆ. ಅಪ್ಪ ತಲೆಯೆತ್ತಿ ಸೂರು ನೋಡಿದರು, ನನ್ನನ್ನು ನೋಡಿದರು. ಮೂಲೆಯಲ್ಲಿದ್ದ ಪಿಕ್ಕಿಂಗ್ ಚೀಲವನ್ನು ಮಡಚಿ ಅಟ್ಟದ ಮೇಲೆ ಎಸೆದರು.

"ಸ್ಕೂಲಿಗೇ ಹೋಗು. ಆವಯ್ಯ ಓದಿ ಹೇಳಿದ್ದನ್ನೆಲ್ಲ ನಂಬ್ಕಂಡು ಇಷ್ಟು ವರ್ಷ ಹೆಬ್ಬೆಟ್ಟು ಒತ್ತಿವ್ನಲ್ಲ ನಾನು."