ಎಂಟನೇ ಕ್ಲಾಸಿನ ಪಾಠ

ಒಂಬತ್ತನೇ ವಯಸ್ಸಿನಿಂದ ನಾನು ದಿನಚರಿ ಬರೆಯುತ್ತಿದ್ದೇನೆ. ಮೊದಲ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದು ಎಡಗಡೆ ‘ಚಿಕ್ಕವಳು’, ಬಲಗಡೆ ‘ದೊಡ್ಡವಳು’ ಎಂದು ಬರೆದಿದ್ದೆ. ‘ನಿನಗಿನ್ನೂ ವಯಸ್ಸಾಗಿಲ್ಲ’ ಎಂದು ಯಾರಾದರೂ ಅಂದರೆ ಎಡಗಡೆ ಒಂದು ಗೀಟು. ‘ಇಷ್ಟು ದೊಡ್ಡವಳಾಗಿದ್ದೀಯ, ಗೊತ್ತಾಗಲ್ವಾ’ ಅಂದರೆ ಬಲಗಡೆ ಒಂದು. ಒಂದು ತಿಂಗಳಲ್ಲಿ ಎಡಕ್ಕೆ ಇಪ್ಪತ್ತಮೂರು, ಬಲಕ್ಕೆ ನಲವತ್ತೊಂದು. ನೀರು ಹೊರಲು, ತಮ್ಮನನ್ನು ಎತ್ತಿಕೊಳ್ಳಲು, ಸೀಮೆಎಣ್ಣೆಯ ಕ್ಯೂನಲ್ಲಿ ನಿಲ್ಲಲು ನಾನು ದೊಡ್ಡವಳು. ಏನನ್ನಾದರೂ ತಿಳಿಯಲು ಹೊರಟರೆ ಮಾತ್ರ ಚಿಕ್ಕವಳು.

ಅದು ಎಪ್ಪತ್ತರ ದಶಕದ ಕೊನೆ. ನಾವು ಬಾಗಲಗುಂಟೆಯಲ್ಲಿದ್ದೆವು. ಅಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೋಡಿಂಗ್ ಕೆಲಸ ಮಾಡಿ ಮಾಡಿ ಸೊಂಟ ಕೆಡಿಸಿಕೊಂಡಿದ್ದ. ಒಂದು ಸೋಮವಾರ ಸೂಪರ್‌ವೈಸರ್ ಅವನ ಕೈಗೆ ತುಂಡುಗಳ ಅಳತೆ ತೆಗೆಯುವ ಹಳೆಯ ವರ್ನಿಯರ್ ಒಂದನ್ನು ಕೊಟ್ಟು, ಶನಿವಾರದೊಳಗೆ ಅಳತೆ ಓದಲು ಕಲಿತರೆ ಕೂತು ಮಾಡುವ ಇನ್‌ಸ್ಪೆಕ್ಷನ್ ಬೆಂಚಿಗೆ ಹಾಕುತ್ತೇನೆ, ಇಲ್ಲದಿದ್ದರೆ ಮತ್ತೆ ಲೋಡಿಂಗೇ ಎಂದಿದ್ದರು. ಅಪ್ಪ ಅದನ್ನು ಟವೆಲಿನಲ್ಲಿ ಸುತ್ತಿ ತಂದ. ಜೊತೆಗೆ ರಿಜೆಕ್ಟ್ ಆದ ಐದು ಬುಷ್‌ಗಳನ್ನೂ, ಅಂದರೆ ಕೊಳವೆಯಂಥ ಗಿಡ್ಡ ಲೋಹದ ತುಂಡುಗಳನ್ನೂ ತಂದ.

ಹೇಳಿಕೊಡಲು ಬಂದವರು ಎದುರುಮನೆಯ, ಲೇತ್ ಮೆಷಿನ್ ನಡೆಸುವ ಟರ್ನರ್ ಮಾವ. ಸಂಜೆ ಜಗಲಿಯ ಮೇಲೆ ಕೂತು, ವರ್ನಿಯರಿನ ದವಡೆಗಳ ನಡುವೆ ಬುಷ್ ಸಿಕ್ಕಿಸಿ, ‘ಇಪ್ಪತ್ನಾಲ್ಕು ಪಾಯಿಂಟ್ ಆರು. ಕಾಣ್ತಾ?’ ಎಂದು ಹೇಳಿ ಮುಗಿಸಿಬಿಡುತ್ತಿದ್ದರು. ಅದು ಅಪ್ಪನ ಕೈಗೆ ಬಂದಾಗ ಉತ್ತರ ತಪ್ಪುತ್ತಿತ್ತು. ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದ ನಾನು, ‘ಮಾವ, ಯಾವ ಗೆರೆ ನೋಡ್ಬೇಕು?’ ಎಂದೆ.

‘ಇದು ಎಂಟನೇ ಕ್ಲಾಸಿನ ಪಾಠ ಕಣಮ್ಮ. ನಾಲ್ಕನೇ ಕ್ಲಾಸಿನ ತಲೆಗೆ ಇಳಿಯಲ್ಲ. ನಿಮ್ಮಪ್ಪಂಗೇ ಇಳೀತಿಲ್ಲ,’ ಎಂದು ಮಾವ ನಕ್ಕರು.

‘ಚಿಕ್ಕೋಳು ನೀನು, ಅಕ್ಕಿ ನೋಡು,’ ಎಂದ ಅಪ್ಪ.

ಎಡಗಡೆ ಎರಡು ಗೀಟು. ಆದರೆ ನಾನು ಅಕ್ಕಿಯನ್ನಷ್ಟೇ ನೋಡಲಿಲ್ಲ. ಮೂರು ಸಂಜೆ ಮಾವನ ಉತ್ತರ ಒಂದು ಕಡೆ, ಅಪ್ಪನದು ಅದರ ಪಕ್ಕ ಬರೆದುಕೊಂಡೆ. ಬುಷ್‌ಗಳ ಉದ್ದ, ಹೊರಗಿನ ಅಗಲ, ಒಳಗಿನ ಅಗಲ ಎಂದು ಒಟ್ಟು ಹದಿನಾಲ್ಕು ಅಳತೆ. ಇಪ್ಪತ್ನಾಲ್ಕು ಪಾಯಿಂಟ್ ಆರಕ್ಕೆ ಅಪ್ಪ ಇಪ್ಪತ್ಮೂರು ಪಾಯಿಂಟ್ ಆರು ಅಂದಿದ್ದ. ಹದಿನೆಂಟು ಪಾಯಿಂಟ್ ಎರಡಕ್ಕೆ ಹದಿನೇಳು ಪಾಯಿಂಟ್ ಎರಡು. ಹದಿನಾಲ್ಕರಲ್ಲೂ ಪಾಯಿಂಟ್ ಆದಮೇಲಿನ ಅಂಕಿ ಸರಿ, ಮೊದಲಿನದು ಒಂದು ಕಡಿಮೆ. ಏನೂ ಗೊತ್ತಿಲ್ಲದವನು ಹೀಗೆ ಒಂದೇ ಥರ ತಪ್ಪುವುದಿಲ್ಲ ಅನ್ನಿಸಿತು.

ಗುರುವಾರ ಮಾವನಿಗೆ ಸೆಕೆಂಡ್ ಶಿಫ್ಟ್. ಅಪ್ಪ ಕೈಕಾಲು ತೊಳೆಯಲು ಹೋದಾಗ ವರ್ನಿಯರ್ ಎತ್ತಿಕೊಂಡು ದವಡೆಗಳನ್ನು ಪೂರ್ತಿ ಮುಚ್ಚಿದೆ. ಮೇಲಿನ ಉದ್ದ ಪಟ್ಟಿಯ ಸೊನ್ನೆಯ ಎದುರಿಗೆ ಕೆಳಗೆ ಜಾರುವ ತುಂಡಿನ ಸೊನ್ನೆ ನೇರವಾಗಿ ಬಂತು. ಆ ತುಂಡಿನ ಅಂಚು ಮಾತ್ರ ಸೊನ್ನೆಗಿಂತ ಒಂದು ಗೆರೆಯಷ್ಟು ಹಿಂದಿತ್ತು. ಅಪ್ಪ ಸೊನ್ನೆಯನ್ನು ಬಿಟ್ಟು ಅಂಚನ್ನು ಓದುತ್ತಿದ್ದ.

‘ಮುಟ್ಬೇಡ ಅಂದಿಲ್ವಾ? ನಿನ್ ವಯಸ್ಸಿಂದಲ್ಲ ಅದು. ಇಲ್ಲಿ ಕೊಡು,’ ಎಂದ ಅಪ್ಪ, ಒದ್ದೆ ಕೈ ಚಾಚಿ.

‘ಕೊಡಲ್ಲ. ಮೊದ್ಲು ಇದನ್ನ ನೋಡು.’

ಅಪ್ಪನಿಗೆ ‘ಕೊಡಲ್ಲ’ ಅಂದದ್ದು ಅದೇ ಮೊದಲು. ನೋಟ್‌ಬುಕ್ ಬಿಚ್ಚಿ ಅಂಕಿಗಳನ್ನು ತೋರಿಸಿದೆ, ಆಮೇಲೆ ಸೊನ್ನೆಯನ್ನು. ಅಪ್ಪ ಬುಷ್ ಸಿಕ್ಕಿಸಿ ಓದಿದ. ಮಾವ ಹೇಳಿದ್ದ ಅಂಕಿಯೇ ಬಂತು. ಇನ್ನೊಂದು ಓದಿದ. ಐದೂ ಮುಗಿದ ಮೇಲೆ, ‘ಥೂ, ಇಷ್ಟೇನಾ,’ ಎಂದ.

ಶನಿವಾರ ಅವನು ಖಾರದ ಮಿಕ್ಸ್ಚರ್ ಪೊಟ್ಟಣ ಹಿಡಿದು ಬಂದ. ಬೆಂಚ್ ಸಿಕ್ಕಿತ್ತು. ಮೊದಲ ಪಾಲು ಮಾವನಿಗೆ ಹೋಯಿತು.

‘ನಾನ್ ಹೇಳಿರ್ಲಿಲ್ವಾ, ಕೂತು ಹೇಳ್ಕೊಟ್ರೆ ಯಾರಿಗಾದ್ರೂ ಬರುತ್ತೆ ಅಂತ,’ ಎಂದರು ಮಾವ. ಅಪ್ಪ ಹೂಂಗುಟ್ಟಿದ.

‘ನಾನು ಹೇಳ್ಕೊಟ್ಟಿದ್ದು,’ ಎಂದೆ.

ಒಳಗಿನಿಂದ ಅಮ್ಮ, ‘ದೊಡ್ಡೋರ್ ಮುಂದೆ ಇಂಗಾ ಮಾತಾಡೋದು? ಇಷ್ಟು ದೊಡ್ಡವಳಾಗಿದ್ದೀಯ,’ ಎಂದಳು.

ಬಲಗಡೆ ಒಂದು ಗೀಟು ಎಂದುಕೊಂಡೆ. ನಿಂತ ಜಾಗ ಬಿಟ್ಟು ಕದಲಲಿಲ್ಲ. ‘ಎಂಟನೇ ಕ್ಲಾಸಿಗೆ ಬಾ, ಆಮೇಲೆ ನೋಡೋಣ,’ ಎಂದು ಮಾವ ನಗುತ್ತಲೇ ಇದ್ದರು. ಅಪ್ಪ ಮಿಕ್ಸ್ಚರಿನಲ್ಲಿ ಕಡಲೆಬೀಜ ಹುಡುಕುತ್ತಾ, ಯಾರ ಮುಖವನ್ನೂ ನೋಡದೆ, ‘ಅವಳೇ ತೋರ್ಸಿದ್ದು,’ ಎಂದ.

ನನಗೀಗ ಹತ್ತೊಂಬತ್ತು. ಸಂಜೆ ಅಕ್ಕಪಕ್ಕದ ಮನೆಗಳ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ‘ಇಷ್ಟು ಚಿಕ್ಕ ಮಗೂಗೆ ದಶಮಾಂಶ ಯಾಕಮ್ಮ’ ಎಂದು ಕೇಳಿದವರು ಈ ವರ್ಷ ಆರು ಜನ. ಆ ಆರು ಮನೆಗಳಿಗೂ ನೀರು ತರುವವರು ಅದೇ ಮಕ್ಕಳು. ನಾನು ಪಾಠ ನಿಲ್ಲಿಸಿಲ್ಲ.