ಇಬ್ಬರು ಸೇರಿ ಮಡಚುವ ಚಾಕು

ನಮ್ಮ ತಿಯೇರ್ ಚಾಕು ಮಾಡುವ ಊರು. ಆದರೆ ಒಬ್ಬನ ಕೆಲಸ ಇನ್ನೊಬ್ಬನಿಗೆ ಗೊತ್ತಿಲ್ಲ. ಅಲಗು ಮಸೆಯುವವನು ಸಾಯೋ ತನಕ ಅಲಗನ್ನೇ ಮಸೆಯಬೇಕು, ಸ್ಪ್ರಿಂಗ್ ಕೂರಿಸುವವನಿಗೆ ಅಲಗಿನ ಗೊಡವೆ ಬೇಡ. ಮಾರ್ಸೆಲಿನ್ ನಲವತ್ತು ವರ್ಷ ಚಾಕುವಿನ ಹಿಡಿಗೆ ಹಾಕುವ ಕೊಂಬು ಉಜ್ಜಿ ಹೊಳಪು ಕೊಟ್ಟವಳು. ಚಾಕು ಹೇಗೆ ಮಡಚುತ್ತೆ ಅಂತ ಕೇಳಿದರೆ, "ಅದು ನನ್ನ ಬೆಂಚಿನ ಕೆಲಸ ಅಲ್ಲ" ಅಂದುಬಿಡೋಳು. ನಾವೆಲ್ಲ ಅಷ್ಟೇ ಬಿಡಿ.

ಊಟದ್ದೂ ಒಂದು ರೂಢಿ. ಮನೆಯ ಯಜಮಾನ ರೊಟ್ಟಿ ಕೊಯ್ಯುವ ತನ್ನ ಚಾಕು ಟಕ್ ಅಂತ ಮಡಚಿದನೋ, ಊಟ ಮುಗೀತು. ಬಾಯಲ್ಲಿ ತುತ್ತಿದ್ದರೂ ಏಳಬೇಕು. ಬಡಿಸುವ ಹೆಂಗಸರು ನಿಂತೇ ತಿನ್ನೋರು. ಮಾರ್ಸೆಲಿನ್‌ಳ ಮಾವ ನಾಲ್ಕೇ ತುತ್ತಿಗೆ ಮುಗಿಸುವ ಆಸಾಮಿ. ಅವನಿರುವ ತನಕ ಅವಳದು ಅರೆಹೊಟ್ಟೆ.

ಗಂಡ ಗಾಸ್ಪಾರ್ ಸ್ಪ್ರಿಂಗ್ ಕೆಲಸದವನು, ಮಾತು ಕಮ್ಮಿ. ಅಪ್ಪ ತೀರಿಕೊಂಡು ತಾನು ಯಜಮಾನನಾದ ವಾರವೇ ಒಂದು ಹೊಸ ಚಾಕು ಮಾಡಿ ತಂದ. ಅದರ ಬೆನ್ನಿಗೆ ಬಾಲದಂಥ ಕೊಕ್ಕೆ.

"ಇದನ್ನ ಎರಡೂ ಹೆಬ್ಬೆರಳಲ್ಲಿ ಒತ್ತಿ ಹಿಡ್ಕೋ. ಆಗಲೇ ನಾನು ಮಡಚೋಕಾಗೋದು."

"ಒಬ್ಬನೇ ಮಡಚೋಕಾಗದ ಚಾಕು ಯಾರಿಗೆ ಬೇಕು ಮಾರಾಯ? ಊರೆಲ್ಲ ನಗುತ್ತೆ."

"ನಗಲಿ. ಸ್ಪ್ರಿಂಗ್ ಬಿಗಿಯಾಗೋಯ್ತು, ಏನ್ಮಾಡ್ಲಿ? ಮೊದಲು ಕೂತು ತಿಂದು ಮುಗಿಸು, ಆಮೇಲೆ ಒತ್ತುವೆಯಂತೆ."

ಊರು ನಕ್ಕಿತು. "ಏನೋ ಗಾಸ್ಪಾರ್, ಏಳೋಕೆ ಹೆಂಡತಿ ಅಪ್ಪಣೆ ಆಯ್ತಾ?" ಅಂತ ಕಾಡಿಸಿತು. ಮೂವತ್ತೊಂದು ವರ್ಷ ಅವಳು ಅವನೆದುರು ಕೂತು, ರೊಟ್ಟಿ, ಚೀಸು, ಆಲೂಗಡ್ಡೆ ಹೊಟ್ಟೆತುಂಬ ಉಂಡಳು. ಕೊನೆಗೆ ಅವಳು ಒತ್ತೋಳು, ಅವನು ಮಡಚೋನು. "ಎಂಥ ಕೆಟ್ಟ ಕೆಲಸಗಾರನಪ್ಪಾ ನೀನು!" ಅಂತ ದಿನಾ ಬೈಯೋಳು. ಅವನು ಮೀಸೆಯಡಿಯಲ್ಲೇ ನಗೋನು.

ಒಂದು ಮಧ್ಯಾಹ್ನ ಉಣ್ಣುತ್ತ ಉಣ್ಣುತ್ತಲೇ ಗಾಸ್ಪಾರ್ ಮೇಜಿನ ಮೇಲೆ ತಲೆಯಿಟ್ಟ. ಮತ್ತೆ ಎತ್ತಲಿಲ್ಲ. ಚಾಕು ಬಿಚ್ಚಿದ್ದು ಬಿಚ್ಚಿದಂತೆಯೇ ಉಳಿಯಿತು. ಮಕ್ಕಳಿಲ್ಲ. ಒತ್ತಲು ನೆರೆಯವರನ್ನು ಕರೆಯೋಣವೆಂದರೆ ಮನಸ್ಸು ಬರಲಿಲ್ಲ. ಎರಡು ವರ್ಷ ಅದು ಅವನ ಜಾಗದಲ್ಲೇ ಬಿದ್ದಿತ್ತು. ಅವಳು ಮತ್ತೆ ಒಲೆಯ ಪಕ್ಕ ನಿಂತೇ ತಿನ್ನತೊಡಗಿದಳು. ಆ ಬಿಚ್ಚಿದ ಅಲಗು ನೋಡಿ ನೋಡಿ ಸಾಕಾಗಿ, ಅಪರೂಪದ ಚಾಕು ಕೊಳ್ಳುವ ಲಿಯೋಂ ಪಟ್ಟಣದ ವೆರ್ನೆಗೆ ಹೇಳಿಕಳಿಸಿದಳು.

"ಇದಕ್ಕೆ ಇಬ್ಬರು ಬೇಕು. ನಾನು ಒತ್ತುತ್ತೀನಿ, ನೀವು ಮಡಚಿ," ಅಂತ, ಬಂದವನೆದುರು ಹೆಬ್ಬೆರಳು ಚಾಚಿದಳು.

ವೆರ್ನೆ ಚಾಕುವನ್ನು ಹಿಂದೆ ಮುಂದೆ ತಿರುವಿ ನೋಡಿದ. ಬಾಲವನ್ನು ಮೇಜಿನ ಅಂಚಿಗೆ ಒತ್ತಿ ಅಲಗು ಮಡಚಿದ. ಟಕ್!

"ಒಬ್ಬರೇ ಸಾಕಲ್ಲಮ್ಮಾ! ಅಂಚಿಗೆ ಕೂರಲಿ ಅಂತಲೇ ಬಾಲಕ್ಕೆ ಕಚ್ಚು ಹಾಕಿದ್ದಾರೆ, ನೋಡಿ. ಮಾಡಿದವರು ಬಲು ಜಾಣರು."

ಮಾರ್ಸೆಲಿನ್ ಚಾಕು ಕಸಿದುಕೊಂಡು ಆ ಕಚ್ಚನ್ನು ಬೆರಳಲ್ಲಿ ಸವರಿದಳು. "ಗೊತ್ತಿತ್ತಾ ಅವನಿಗೆ? ಮೂವತ್ತೊಂದು ವರ್ಷ ಬೈಸಿಕೊಂಡನಲ್ಲ, ಒಂದಿನಾನೂ ಬಾಯಿಬಿಡಲಿಲ್ಲವಲ್ಲ, ಕಳ್ಳ!" ಮಣ್ಣು ಮಾಡಿದ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

ವೆರ್ನೆ ಮೆಲ್ಲಗೆ ಬೆಲೆಯ ಮಾತೆತ್ತಿದ.

"ಮಾರಲ್ಲ. ನೀವು ಹೊರಡಿ," ಅಂದಳು. "ಇದನ್ನ ತೋರಿಸಬಾರದಿತ್ತು ನೀವು. ಇಷ್ಟು ದಿನ ಒಬ್ಬಳ ಕೈ ಸಾಲಲ್ಲ ಅಂತ ಬಿಚ್ಚಿಟ್ಟಿದ್ದೆ. ಇನ್ನು ನಾನೇ ಮಡಚಬೇಕು."

ಅವನು ಹೋದ ಮೇಲೆ ಸೂಪು ಬಿಸಿಮಾಡಿದಳು. ಚಾಕು ಬಿಚ್ಚಿ ರೊಟ್ಟಿ ಕೊಯ್ದಳು. ಕೂತು, ಅವಸರವಿಲ್ಲದೆ, ಬಟ್ಟಲು ಖಾಲಿಯಾಗುವ ತನಕ ಉಂಡಳು. ಆಮೇಲೆ ಬಾಲವನ್ನು ಮೇಜಿನ ಅಂಚಿಗೆ ಒತ್ತಿ ಚಾಕು ಮಡಚಿ, ಎದ್ದಳು.