ಟ್ರಂಕಿನ ಕಾಕುವಿನ ಕೈ

ಹೋದ ವಾರ ಹೊಸ ಕೂಲರಿನ ತಗಡು ತಾಗಿ ಸಣ್ಣವನ ಬೆರಳು ಕೊಯ್ದಾಗ ನೀವೆಲ್ಲ ಬಟ್ಟೆ ಹುಡುಕುತ್ತ ಓಡಾಡಿದಿರಿ. ನಾನು ಆ ಅಂಚನ್ನೇ ನೋಡುತ್ತ ನಿಂತೆ. ಕತ್ತರಿಸಿದವರು ಹಾಗೆಯೇ ಬಿಟ್ಟಿದ್ದರು, ಚೂರಿಯ ಬಾಯಿಯಂತೆ. ಇಂಥದ್ದನ್ನು ಮಾರಲು ನಾಚಿಕೆಯಾಗುವುದಿಲ್ಲವೇ? ಟ್ರಂಕಿನ ಕಾಕು ಇದ್ದಿದ್ದರೆ...

ಆಳಂದದಲ್ಲಿ ನನ್ನ ತವರುಮನೆಯ ಎದುರಿಗೇ ಅವರ ಮನೆ. ನಾವು ಕಾಕಾ, ಕಾಕು ಎನ್ನುತ್ತಿದ್ದ ಆ ಗಂಡ ಹೆಂಡತಿ ಸೇರಿ ತಗಡಿನ ಟ್ರಂಕು, ಡಬ್ಬಿ, ಬಕೀಟು ಮಾಡುತ್ತಿದ್ದರು. ಕಾಕಾ ಬಾಗಿಲಲ್ಲಿ ಕುಳಿತು ತಗಡು ಕತ್ತರಿಸುತ್ತಿದ್ದ. ಒಳಗೆ ಅಂಗಳದಲ್ಲಿ ಕಾಕು ಅಂಚು ಮಾಡುತ್ತಿದ್ದಳು. ರೈಲು ಕಂಬಿಯ ತುಂಡೊಂದರ ಮೇಲೆ ತಗಡಿನ ಅಂಚನ್ನಿಟ್ಟು, ಕಟ್ಟಿಗೆಯ ಕೊಡತಿಯಿಂದ ತುಸು ತುಸುವೇ ಬಗ್ಗಿಸಿ, ಮಡಿಕೆಯೊಳಗೆ ತಂತಿ ಕೂರಿಸಿ, ಅಲ್ಲಲ್ಲಿ ಇಕ್ಕಳದಿಂದ ಹಿಡಿದು, ತಂತಿ ಕಾಣದಂತೆ ಬಡಿದು ಮುಚ್ಚುತ್ತಿದ್ದಳು. ಆಮೇಲೆ ಹಳೆಯ ಸೀರೆಯ ಚೂರನ್ನು ಅಂಚಿನುದ್ದಕ್ಕೂ ಎಳೆದು ನೋಡುತ್ತಿದ್ದಳು. ಒಂದು ನೂಲು ಸಿಕ್ಕಿಕೊಂಡರೂ ಆ ಜಾಗವನ್ನು ಬಿಚ್ಚಿ ಮತ್ತೆ ಬಡಿಯುತ್ತಿದ್ದಳು. ಊರವರು ಮಾತ್ರ ಅಂಚು ಸವರಿ ಕಾಕಾನ ಕೈಯನ್ನು ಹೊಗಳುತ್ತಿದ್ದರು.

ಕಾಕಾ ತೀರಿಕೊಂಡ ಮೇಲೆ ಅವಳೇ ಬಾಗಿಲಿಗೆ ಬಂದು ಕುಳಿತಳು. ತೂತು ಬಿದ್ದ ಬಕೀಟುಗಳು ಬಂದವು. ಮದುವೆಯ ಟ್ರಂಕು ಹೇಳಲು ಯಾರೂ ಬರಲಿಲ್ಲ. ಗಂಡ ಸತ್ತವಳ ಕೈಯದ್ದು ಮದುವೆಗೆ ಆಗದಂತೆ. ಅವಳ ಹೊಟ್ಟೆ ತುಂಬುತ್ತಿದ್ದದ್ದೇ ಮದುವೆಯ ಟ್ರಂಕುಗಳಿಂದ.

ನನ್ನ ಮದುವೆ ಗೊತ್ತಾದಾಗ ಅವ್ವ ಯಾರನ್ನೂ ಕೇಳದೆ ಅವಳಿಗೇ ಹೇಳಿಬಂದಳು. ಕಾಕು ಟ್ರಂಕು ತಂದ ದಿನ ನನ್ನ ದೊಡ್ಡಪ್ಪ ಪಡಸಾಲೆಯಲ್ಲಿದ್ದರು. ದಿನಾ ಲಿಂಗಪೂಜೆ ಮುಗಿಸಿ ಶರಣರ ವಚನ ಹೇಳುತ್ತ ಕಣ್ಣೀರು ಹಾಕುವವರು. ಅಂಚಿನ ಮೇಲೆ ಕೈಯಾಡಿಸಿದರು. ಬೇಡವೆನ್ನಲು ಮನಸ್ಸು ಬರಲಿಲ್ಲ. ಹಿತ್ತಲ ಬಾಗಿಲಿನಿಂದ ಒಳಗೆ ತಂದಿಡು, ಬೀಗರಿಗೆ ಇದು ಕಲಬುರ್ಗಿ ಅಂಗಡಿಯದು ಎಂದು ಹೇಳುತ್ತೇವೆ, ನೀನೂ ಹಾಗೇ ಹೇಳು ಎಂದರು. ದೊಡ್ಡ ಉಪಕಾರ ಮಾಡಿದವರಂತೆ.

ಕಾಕು ಸೆರಗು ಸರಿಮಾಡಿಕೊಂಡಳು.

"ಇಷ್ಟ್ ವರ್ಷ ನನ್ನ ಕೆಲಸ ಅವರ ಹೆಸರಿಗಿ ಹೋಯ್ತರಿ. ಗಂಡ ಇದ್ದರು, ಸುಮ್ಮನಿದ್ದೆ. ಆ ಕಲಬುರ್ಗಿ ಅಂಗಡ್ಯಾಂವ ನನಗೇನ್ ಆಗ್ಬೇಕ್ರಿ?"

"ಬಾಯಿ ಭಾಳ ಬಂದದ ನಿನಗ," ಎಂದರು ದೊಡ್ಡಪ್ಪ.

"ಕೈ ಮೊದಲಿಂದಾನೂ ಇತ್ತರಿ. ನೀವು ನೋಡಿಲ್ಲ."

ಟ್ರಂಕನ್ನು ತಲೆಯ ಮೇಲೆ ಹೊತ್ತು ಮುಂಬಾಗಿಲಿನಿಂದಲೇ ಹೊರಟುಹೋದಳು. ಅವ್ವ ರೊಟ್ಟಿ ಬಡಿಯುತ್ತಲೇ ಅತ್ತಳು. ನಾನು ಕಲಬುರ್ಗಿಯ ಟ್ರಂಕಿನೊಂದಿಗೆ ಈ ಅಫಜಲಪುರಕ್ಕೆ ಬಂದೆ.

ಆಮೇಲೆ ಅವಳು ಆಳಂದ ಬಿಟ್ಟು, ಖಜೂರಿ ರಸ್ತೆಯಲ್ಲಿ ಲಾರಿಯವರ ಡಬ್ಬಿಗಳನ್ನು ರಿಪೇರಿ ಮಾಡುತ್ತಿದ್ದಳಂತೆ. ಲಾರಿಯವರು ಗಂಡನ ವಿಷಯ ಕೇಳುತ್ತಿರಲಿಲ್ಲ. ಅಲ್ಲೇ ತೀರಿಕೊಂಡಳಂತೆ... ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಬಹಳ ದಿನವಾಗಿತ್ತು. ಯಾರ ಮೇಲೆ ಸಿಟ್ಟು ಮಾಡಲಿ? ದೊಡ್ಡಪ್ಪನೂ ಇಲ್ಲ.

ಆದರೆ ಗಂಡ ಸತ್ತವಳ ಕೈ ಮದುವೆಗೆ ಆಗದೆಂಬ ಆ ಮಾತು ಇನ್ನೂ ಇದೆ. ನಿನ್ನೆ ನಿಮ್ಮ ಅಕ್ಕನ ಮದುವೆಗೆ ಅರಿಶಿಣ ಕುಟ್ಟಲು ಕುಳಿತಾಗ ಒಬ್ಬರು ಬಂದು ಮೆಲ್ಲಗೆ, "ಆಯಿ, ದಣದೀರಿ, ಒಳಗ ಹೋಗಿ ಮಲಗ್ರಿ," ಎಂದರು. ನಿಮ್ಮ ಮುತ್ಯಾ ತೀರಿಕೊಂಡು ನಾನೂ ಗಂಡ ಸತ್ತವಳಾದ ಮೇಲೆ ಇಂಥ ಅಕ್ಕರೆ ಬಹಳ ಕಂಡಿದ್ದೇನೆ. ಜಗಳಾಡಲು ನನಗೆ ಬಾಯಿಲ್ಲ. ಒನಕೆ ಬಿಡಲಿಲ್ಲ, ಅಷ್ಟೇ. ಕುಟ್ಟಿ ಮುಗಿಸಿಯೇ ಎದ್ದೆ.

ಹೇಳಿಕೊಂಡು ನಗೋಣವೆಂದರೆ ಕಾಕು ಇಲ್ಲ.